ಒತ್ತಡದಿಂದ ಆಕಾರದ ಕಡೆಗೆ: ಟರ್ಬೊ ಯಂತ್ರಗಳ ಅಲಗಿನ ವಿಲೋಮ ವಿನ್ಯಾಸ

ಕ್ರಿ. ಶ. 499ರ ಸುಮಾರಿನ ‘ಆರ್ಯಭಟೀಯ’ದ ಗಣಿತಪಾದದಲ್ಲಿ ವಿಲೋಮವಿಧಿಯೊಂದು ಬರುತ್ತದೆ. ಫಲವು ತಿಳಿದಿದ್ದು ಮೂಲರಾಶಿಯು ತಿಳಿಯದಿದ್ದಾಗ, ಕ್ರಿಯೆಗಳನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ, ಗುಣಿಸಿದ್ದಲ್ಲಿ ಭಾಗಿಸುತ್ತ, ಕೂಡಿಸಿದ್ದಲ್ಲಿ ಕಳೆಯುತ್ತ ಹಿಂದಕ್ಕೆ ನಡೆಯಬೇಕೆಂಬುದು ಅದರ ತಾತ್ಪರ್ಯ. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿಯೂ ಈ ವಿಧಿಗೆ ಪ್ರತ್ಯೇಕವಾದ ಸ್ಥಾನವಿದೆ. ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ, 5ನ್ನು ಕೂಡಿಸಿ, ಅರ್ಧ ಮಾಡಿದಾಗ 13 ಬಂದಿತೆನ್ನೋಣ. 13ನ್ನು ಇಮ್ಮಡಿಸಿದರೆ 26, ಅದರಲ್ಲಿ 5 ಕಳೆದರೆ 21, 3ರಿಂದ ಭಾಗಿಸಿದರೆ 7, ಮೂಲರಾಶಿ ಸಿಕ್ಕಿತು. ಪ್ರತಿ ಹೆಜ್ಜೆಗೂ ಒಂದೇ ಒಂದು ಮರುಹೆಜ್ಜೆಯಿರುವುದರಿಂದ ಇಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ಪರಿಚಯಿಸಲಿರುವ ವಿಲೋಮ ವಿನ್ಯಾಸದ ಸ್ವಾರಸ್ಯವೆಲ್ಲ, ಈ ನಿಶ್ಚಿಂತೆಯು ಅಲ್ಲಿ ಇಲ್ಲ ಎಂಬುದರಲ್ಲಿಯೇ ಇದೆ.

ನೀರೆತ್ತುವ ಪಂಪು, ಜಲವಿದ್ಯುತ್ ಕೇಂದ್ರದ ಟರ್ಬೈನು, ವಿಮಾನದ ಜೆಟ್ ಎಂಜಿನ್ನಿನ ಕಂಪ್ರೆಸರ್ ಇವು ನೋಟಕ್ಕೆ ಬೇರೆ ಬೇರೆಯಾದರೂ ತತ್ತ್ವದಲ್ಲಿ ಒಂದೇ ಕುಲದವು. ಸುತ್ತುವ ಚಕ್ರವೊಂದರ ಅಲಗುಗಳ ನಡುವೆ ನೀರೋ ಗಾಳಿಯೋ ಎಡೆಬಿಡದೆ ಹರಿಯುತ್ತ, ಚಕ್ರದಿಂದ ಶಕ್ತಿಯನ್ನು ಪಡೆಯುತ್ತದೆ ಅಥವಾ ಚಕ್ರಕ್ಕೆ ಶಕ್ತಿಯನ್ನು ಕೊಡುತ್ತದೆ. ಇಂತಹ ಯಂತ್ರಗಳಿಗೆ ಟರ್ಬೊ ಯಂತ್ರಗಳೆಂದು ಹೆಸರು. ಇವುಗಳಲ್ಲಿ ಅಲಗಿನ ಆಕಾರವೇ ಸರ್ವಸ್ವ. ಆಕಾರವು ಗೊತ್ತಿದ್ದು, ಅದರ ಸುತ್ತ ಹರಿವು ಹೇಗಿದ್ದೀತು ಎಂದು ಲೆಕ್ಕ ಹಾಕುವುದು ಅನುಲೋಮ ಸಮಸ್ಯೆ. ಹರಿವು ಹೀಗಿರಬೇಕೆಂದು ಮೊದಲು ಗೊತ್ತುಮಾಡಿಕೊಂಡು, ಅಂತಹ ಹರಿವನ್ನು ಉಂಟುಮಾಡುವ ಆಕಾರ ಯಾವುದು ಎಂದು ಕೇಳುವುದು ವಿಲೋಮ ಸಮಸ್ಯೆ. ‘ಇನ್ವರ್ಸ್’ ಎಂಬುದಕ್ಕೆ ‘ಪ್ರತಿಲೋಮ’, ‘ವ್ಯಸ್ತ’ ಎಂಬ ಶಬ್ದಗಳನ್ನೂ ಬಳಸಬಹುದಾಗಿತ್ತು. ಗಣಿತಪರಂಪರೆಯ ನೆನಪನ್ನು ಹೊತ್ತಿರುವ ‘ವಿಲೋಮ’ವನ್ನೇ ನಾವು ಇಟ್ಟುಕೊಂಡಿದ್ದೇವೆ.

ಬಹುಕಾಲದಿಂದ ರೂಢಿಯಲ್ಲಿರುವುದು ಅನುಲೋಮ ಮಾರ್ಗವೇ. ಹಿಂದಿನ ಯಂತ್ರವೊಂದರ ಅಲಗನ್ನು ಎದುರಿಗಿಟ್ಟುಕೊಂಡು, ಅಲ್ಲಿಷ್ಟು ಬಾಗಿಸಿ, ಇಲ್ಲಿಷ್ಟು ತೆಳುಮಾಡಿ, ಲೆಕ್ಕ ಹಾಕಿ ಅಥವಾ ಪರೀಕ್ಷಿಸಿ, ಫಲವು ಸರಿಬಾರದಿದ್ದರೆ ಪುನಃ ತಿದ್ದುವುದು. ಅನುಭವಿಯಾದ ವಿನ್ಯಾಸಕಾರನ ಕೈಯಲ್ಲಿ ಈ ಮಾರ್ಗವು ಒಳ್ಳೆಯ ಫಲವನ್ನು ಕೊಟ್ಟಿದೆ. ಆದರೆ ಎಲ್ಲಿ ತಿದ್ದಿದರೆ ಏನಾಗುತ್ತದೆಂಬ ತಿಳಿವಳಿಕೆ ಅವನ ಕೈಬೆರಳುಗಳಲ್ಲಿ ಉಳಿದುಬಿಡುತ್ತದೆ. ಅವನು ನಿವೃತ್ತನಾದ ದಿನ ಅದೂ ಸಂಸ್ಥೆಯಿಂದ ಹೊರಟುಹೋಗುತ್ತದೆ. ಅಲ್ಲದೆ, ಹಳೆಯ ಅಲಗಿನ ನೆರೆಹೊರೆಯಲ್ಲಿಯೇ ಹುಡುಕುವ ಕಾರಣ, ದೂರದಲ್ಲೆಲ್ಲೋ ಇರಬಹುದಾದ ಉತ್ತಮ ಆಕಾರವು ಕಣ್ಣಿಗೆ ಬೀಳುವುದೇ ಇಲ್ಲ.

ಹರಿವಿನಲ್ಲಿ ಏನನ್ನು ಬಯಸಬೇಕು? ಅಲಗಿನ ಮೈಗೆ ತಾಗಿದ ತೆಳ್ಳನೆಯ ಸೀಮಾಪದರದಲ್ಲಿ ಹರಿವು ಘರ್ಷಣೆಯಿಂದ ಮಂದವಾಗಿರುತ್ತದೆ. ಹರಿವಿನ ದಿಕ್ಕಿನಲ್ಲಿ ಒತ್ತಡವು ಇಳಿಯುತ್ತಿದ್ದರೆ ಈ ಪದರವು ಸುಖವಾಗಿ ಮುಂದೆ ಸಾಗುತ್ತದೆ, ಏರುತ್ತಿದ್ದರೆ ದಣಿಯುತ್ತದೆ, ಏರಿಕೆಯು ಕಡಿದಾದರೆ ಮೈಬಿಟ್ಟು ಬೇರ್ಪಡುತ್ತದೆ. ಪಂಪು ಮತ್ತು ಕಂಪ್ರೆಸರುಗಳ ಕೆಲಸವೇ ಒತ್ತಡವನ್ನು ಏರಿಸುವುದಾದುದರಿಂದ, ಅವುಗಳ ಅಲಗು ಯಾವಾಗಲೂ ಈ ಅಪಾಯದ ಅಂಚಿನಲ್ಲಿಯೇ ದುಡಿಯುತ್ತದೆ. 1953ರಲ್ಲಿ ಲೀಬ್ಲೈನ್ ಮತ್ತು ಸಂಗಡಿಗರು, ಅಲಗಿನ ಮೇಲೆ ವೇಗವು ಎಷ್ಟು ಕುಗ್ಗುತ್ತದೆಂಬುದನ್ನು ಅಳೆಯುವ ಗುಣಾಂಕವೊಂದನ್ನು ಸೂಚಿಸಿ, ಅದು ಸುಮಾರು 0.6ನ್ನು ಮೀರಿದರೆ ನಷ್ಟವು ಥಟ್ಟನೆ ಬೆಳೆಯುತ್ತದೆಂದು ತೋರಿಸಿದರು. 1959ರಲ್ಲಿ ಸ್ಟ್ರಾಟ್‌ಫರ್ಡ್, ಪದರವು ಬೇರ್ಪಡುವ ಅಂಚಿನಲ್ಲಿಯೇ ಉದ್ದಕ್ಕೂ ನಡೆಯುವಂತೆ ಒತ್ತಡವನ್ನು ಏರಿಸುವ ಬಗೆಯನ್ನು ಲೆಕ್ಕದಿಂದಲೂ ಪ್ರಯೋಗದಿಂದಲೂ ನಿರೂಪಿಸಿದನು. ಇವೆಲ್ಲವೂ ಮಾತನಾಡುವುದು ಒತ್ತಡದ ಹಂಚಿಕೆಯ ಬಗೆಗೆ. ಆಕಾರದ ಬಗೆಗೆ ಅಲ್ಲ. ನಷ್ಟವನ್ನು ನಿರ್ಧರಿಸುವುದು ಒತ್ತಡ, ಆಕಾರವು ಅದಕ್ಕೊಂದು ನಿಮಿತ್ತ. ಹಾಗಿದ್ದರೆ ವಿನ್ಯಾಸವನ್ನು ಒತ್ತಡದಿಂದಲೇ ಏಕೆ ಆರಂಭಿಸಬಾರದು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಈ ಪ್ರಶ್ನೆಗೆ ಮೊದಲ ದೊಡ್ಡ ಉತ್ತರವು ದೊರೆತದ್ದು ವಿಮಾನದ ರೆಕ್ಕೆಯ ಪ್ರಸಂಗದಲ್ಲಿ. ಅಮೆರಿಕದ ನಾಕಾ ಸಂಸ್ಥೆಯಲ್ಲಿ ಥಿಯೋಡರ್ಸನ್ 1931ರಲ್ಲಿ, ಯಾವುದೇ ಆಕಾರದ ರೆಕ್ಕೆಯ ಛೇದದ ಸುತ್ತ ಒತ್ತಡವನ್ನು ಲೆಕ್ಕ ಹಾಕುವ ಕ್ರಮವನ್ನು ಪ್ರಕಟಿಸಿದ್ದನು. 1930ರ ದಶಕದ ಕೊನೆಯಲ್ಲಿ ಅದೇ ಸಂಸ್ಥೆಯ ಈಸ್ಟ್‌ಮನ್ ಜೇಕಬ್ಸ್ ಆ ಲೆಕ್ಕವನ್ನು ತಲೆಕೆಳಗು ಮಾಡಿದನು: ಒತ್ತಡವು ರೆಕ್ಕೆಯ ಬಹುಭಾಗ ಇಳಿಯುತ್ತಲೇ ಇರಬೇಕು, ಆಗ ಸೀಮಾಪದರವು ಕಲಕದೆ ನಯವಾಗಿ ಉಳಿಯುತ್ತದೆ, ಅಂತಹ ಛೇದ ಯಾವುದು? ಹೀಗೆ ಹುಟ್ಟಿದುದು ಹೆಸರಾಂತ 6-ಶ್ರೇಣಿ. ಅದರ 65 ಎಂಬ ಕವಲು ಮುಂದೆ ಕಂಪ್ರೆಸರ್ ಅಲಗುಗಳಿಗೂ ಮೂಲವಾಗಿ ದಶಕಗಳ ಕಾಲ ಬಳಕೆಯಲ್ಲಿತ್ತು. ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ಕಾಗದದ ಮೇಲೆ ಕೇಳಿದ ಆ ನಯವಾದ ಪದರವು ಆಕಾಶದಲ್ಲಿ ಪೂರ್ತಿಯಾಗಿ ದೊರೆಯಲಿಲ್ಲ. ರಿವೆಟ್ಟು, ಧೂಳು, ರೆಕ್ಕೆಗೆ ಅಪ್ಪಳಿಸಿದ ಹುಳುಗಳು ಇವೇ ಅದನ್ನು ಕಲಕಲು ಸಾಕಾದವು. ಕೇಳಿದ್ದು ಗಣಿತದಲ್ಲಿ ದೊರೆಯುವುದು ಬೇರೆ, ಯಂತ್ರದಲ್ಲಿ ದೊರೆಯುವುದು ಬೇರೆ.

ಗಣಿತದಲ್ಲಿಯಾದರೂ ಕೇಳಿದ್ದೆಲ್ಲ ದೊರೆಯುತ್ತದೆಯೇ? ಇಲ್ಲ ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ಮುಂದಿಟ್ಟವನು ಇಂಗ್ಲೆಂಡಿನ ಲೈಟ್‌ಹಿಲ್. 1945ರಲ್ಲಿ, ತನ್ನ ಇಪ್ಪತ್ತೊಂದರ ವಯಸ್ಸಿನ ಆಸುಪಾಸಿನಲ್ಲಿ, ಅವನು ಸಂಮಿಶ್ರ ಸಂಖ್ಯೆಗಳ ಅನುರೂಪ ಚಿತ್ರಣವನ್ನು ಬಳಸಿ, ಬೇಕಾದ ವೇಗದ ಹಂಚಿಕೆಯಿಂದ ಛೇದವನ್ನು ನೇರವಾಗಿ ಪಡೆಯುವ ವಿಧಾನವನ್ನು ಕೊಟ್ಟನು. ಅದರ ಜೊತೆಯಲ್ಲಿಯೇ ಮೂರು ನಿರ್ಬಂಧಗಳೂ ಬಂದವು. ಮೊದಲನೆಯದು, ಮೈಮೇಲಿನ ವೇಗಗಳಿಗೂ ದೂರದಿಂದ ಬರುತ್ತಿರುವ ಹರಿವಿನ ವೇಗಕ್ಕೂ ಇರಲೇಬೇಕಾದ ಹೊಂದಾಣಿಕೆ; ಮೈಮೇಲಿನ ವೇಗಗಳನ್ನೆಲ್ಲ ಗೊತ್ತುಮಾಡಿದ ಮೇಲೆ ದೂರದ ವೇಗವು ತಾನಾಗಿಯೇ ನಿರ್ಧಾರವಾಗುತ್ತದೆ, ಅದನ್ನು ಬೇರೆಯಾಗಿ ಆರಿಸುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಉಳಿದೆರಡು, ಆಕಾರವು ಮುಚ್ಚಿಕೊಳ್ಳಬೇಕೆಂಬ ಷರತ್ತುಗಳು. ಮನಬಂದಂತೆ ವೇಗವನ್ನು ಗೊತ್ತುಮಾಡಿ ಮುಂಭಾಗದಿಂದ ಮೇಲ್ಗೆರೆ, ಕೆಳಗೆರೆಗಳನ್ನು ಎಳೆಯುತ್ತ ಹೋದರೆ, ಅವು ಬಾಲದಲ್ಲಿ ಕೂಡದೆ ಬಾಯ್ದೆರೆದುಕೊಳ್ಳುತ್ತವೆ. ಅಥವಾ ಒಂದನ್ನೊಂದು ದಾಟಿ ಮೀನಿನ ಬಾಲದಂತಾಗುತ್ತವೆ. ಎರಡನೆಯ ಸಂದರ್ಭದಲ್ಲಿ ಅಲಗಿನ ದಪ್ಪವು ಸೊನ್ನೆಗಿಂತ ಕಡಿಮೆ ಎಂದಾಯಿತು. ಅಂತಹ ಅಲಗನ್ನು ಎರಕ ಹೊಯ್ಯುವ ಕಮ್ಮಾರ ಎಲ್ಲಿಯೂ ಇಲ್ಲ!

ವಿಲೋಮವಿಧಿಯ ನಿಶ್ಚಿಂತೆ ಇಲ್ಲಿಲ್ಲವೆಂದು ಆರಂಭದಲ್ಲಿ ಹೇಳಿದುದು ಈ ಅರ್ಥದಲ್ಲಿ. ಅಂಕಗಣಿತದಲ್ಲಿ 13ರಿಂದ 7ಕ್ಕೆ ಮರಳುವುದು ಎಂದೂ ತಪ್ಪುವುದಿಲ್ಲ. ಇಲ್ಲಿಯಾದರೋ, ಎಷ್ಟೋ ಒತ್ತಡದ ಹಂಚಿಕೆಗಳಿಗೆ ಮೂಲವೆಂಬ ಆಕಾರವೇ ಇರುವುದಿಲ್ಲ. ಆದುದರಿಂದ ಬಳಕೆಯ ವಿಧಾನಗಳೆಲ್ಲ ಒಂದು ರಾಜಿಯನ್ನು ಮಾಡಿಕೊಳ್ಳುತ್ತವೆ. ಹಂಚಿಕೆಯಲ್ಲಿ ಕೆಲವು ಅಂಶಗಳನ್ನು ಬಿಗಿಯಾಗಿ ಹಿಡಿಯದೆ ಸಡಿಲವಾಗಿ ಬಿಟ್ಟು, ಆ ಸಡಿಲಿನಲ್ಲಿ ನಿರ್ಬಂಧಗಳು ಈಡೇರುವಂತೆ ಮಾಡುತ್ತವೆ. ದಪ್ಪವನ್ನು ವಿನ್ಯಾಸಕಾರನೇ ಕೊಟ್ಟು, ಎರಡು ಮುಖಗಳ ಒತ್ತಡದ ವ್ಯತ್ಯಾಸವನ್ನು ಮಾತ್ರ ಕೇಳುವುದು ಇಂತಹ ರಾಜಿಗಳಲ್ಲಿ ಅತ್ಯಂತ ಫಲಪ್ರದವಾದುದು ಎಂದು ನಮ್ಮ ಅಭಿಪ್ರಾಯ.

ರೆಕ್ಕೆಯು ಬಯಲಿನಲ್ಲಿ ಒಂಟಿ. ಟರ್ಬೊ ಯಂತ್ರದ ಅಲಗು ಸಾಲಿನಲ್ಲಿ ನಿಂತದ್ದು, ಅದೂ ಸುತ್ತುತ್ತಿರುವ, ತಿರುಚಿಕೊಂಡ, ಇಕ್ಕಟ್ಟಾದ ಓಣಿಯಲ್ಲಿ. ವೂ ಚುಂಗ್‌ಹುವಾ 1952ರಲ್ಲಿ, ಅಲಗಿನಿಂದ ಅಲಗಿಗೆ ಹಬ್ಬುವ ಮೇಲ್ಮೈ, ಚಕ್ರದ ನಡುಗಟ್ಟಿನಿಂದ ಹೊರ ಆವರಣಕ್ಕೆ ಹಬ್ಬುವ ಮೇಲ್ಮೈ ಎಂಬ ಎರಡು ಕುಟುಂಬಗಳಾಗಿ ಮೂರು ಆಯಾಮದ ಹರಿವನ್ನು ಒಡೆದು ನೋಡುವ ಸಿದ್ಧಾಂತವನ್ನು ಕೊಟ್ಟ ಮೇಲೆ, ಈ ಓಣಿಯಲ್ಲಿ ಕ್ರಮವಾಗಿ ನಡೆಯಲು ದಾರಿಯಾಯಿತು. ಆದರೆ ಮೂರು ಆಯಾಮದ ವಿಲೋಮ ವಿನ್ಯಾಸಕ್ಕೆ ನಿಜವಾದ ತಿರುವು ಬಂದದ್ದು 1984ರಲ್ಲಿ. ಹಾಥಾರ್ನ್, ವಾಂಗ್, ಟ್ಯಾನ್, ಮೆಕ್‌ಕ್ಯೂನ್ ಇವರು ಪ್ರಕಟಿಸಿದ ಜೋಡಿ ಲೇಖನಗಳಿಂದ. ಏನನ್ನು ಕೇಳಬೇಕೆಂಬ ಪ್ರಶ್ನೆಯನ್ನೇ ಅವರು ಬದಲಿಸಿದರು. ಒತ್ತಡವನ್ನು ಕೇಳುವ ಬದಲು, ಹರಿವಿನ ಸುತ್ತುವೇಗವನ್ನು ತ್ರಿಜ್ಯದಿಂದ ಗುಣಿಸಿದಾಗ ಬರುವ ರಾಶಿಯು ಅಲಗಿನ ಉದ್ದಕ್ಕೂ ಹೇಗೆ ಬೆಳೆಯಬೇಕೆಂಬುದನ್ನು ಕೇಳಿದರು. ಇದು ಒಂದು ಕಿಲೋಗ್ರಾಮ್ ದ್ರವವು ಹೊತ್ತಿರುವ ಕೋನೀಯ ಸಂವೇಗವೇ ಆಗಿದೆ. ಇದನ್ನು ‘ಸುತ್ತುರಾಶಿ’ ಎಂದು ಕರೆಯೋಣ.

ಇದರ ಬೆಲೆಯು ಉದಾಹರಣೆಯಿಂದ ತಿಳಿದೀತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಆಳದ ಕೊಳವೆಬಾವಿಗಳಲ್ಲಿ ಇಳಿಬಿಡುವ ಸಬ್‌ಮರ್ಸಿಬಲ್ ಪಂಪನ್ನು ತೆಗೆದುಕೊಳ್ಳೋಣ. ಕೊಳವೆಯ ಅಗಲವೇ ಪಂಪಿನ ಅಗಲಕ್ಕೆ ಮಿತಿ. ಇಂಪೆಲ್ಲರಿನ ಹೊರತ್ರಿಜ್ಯ 0.055 ಮೀಟರು, ವೇಗ ನಿಮಿಷಕ್ಕೆ 2850 ಸುತ್ತು ಎಂದಿಟ್ಟುಕೊಂಡರೆ ಅಂಚಿನ ವೇಗವು ಸೆಕೆಂಡಿಗೆ ಸುಮಾರು 16.4 ಮೀಟರು. ನೀರು ಸುತ್ತುವೇಗವಿಲ್ಲದೆ ಒಳಬಂದು, ಸೆಕೆಂಡಿಗೆ 8 ಮೀಟರು ಸುತ್ತುವೇಗದಿಂದ ಹೊರಬಿದ್ದಿತೆನ್ನೋಣ. ಆಯ್ಲರನ ಸೂತ್ರದಂತೆ ಇವೆರಡರ ಗುಣಲಬ್ಧವೇ ಕಿಲೋಗ್ರಾಮಿಗೆ ಸಂದ ಕೆಲಸ: 131 ಜೂಲು, ಅಂದರೆ ನಷ್ಟವನ್ನು ಬಿಟ್ಟು ನೋಡಿದರೆ ಒಂದು ಹಂತಕ್ಕೆ 13 ಮೀಟರು ಚಿಲ್ಲರೆ ಎತ್ತರ. ಇನ್ನೂರು ಮೀಟರಿನಿಂದ ನೀರೆತ್ತಲು ಒಂದರ ಮೇಲೊಂದು ಹದಿನೈದಕ್ಕೂ ಮಿಕ್ಕು ಹಂತಗಳನ್ನು ಪೇರಿಸಬೇಕಾಗುವುದು ಇದರಿಂದಲೇ. ಒಂದು ಹಂತದಲ್ಲಿ ಆದ ನಷ್ಟವು ಎಲ್ಲ ಹಂತಗಳಲ್ಲಿಯೂ ಮರುಕಳಿಸುತ್ತದೆ, ವಿದ್ಯುತ್ತಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಸುತ್ತುರಾಶಿಯು ಒಳಬಾಗಿಲಲ್ಲಿ ಸೊನ್ನೆ, ಹೊರಬಾಗಿಲಲ್ಲಿ 0.44 (ಮೀಟರು ವರ್ಗ, ಸೆಕೆಂಡಿಗೆ). ಇವೆರಡೂ ಪಂಪಿನ ಹೊಣೆಯಿಂದ ನಿಶ್ಚಿತವಾದವು. ವಿನ್ಯಾಸಕಾರನ ಕೈಯಲ್ಲಿರುವುದು ನಡುವಿನ ಏರಿಕೆ ಮಾತ್ರ. ಆ ಏರಿಕೆಯ ಕಡಿದುತನಕ್ಕೂ ಅಲಗಿನ ಎರಡು ಮುಖಗಳ ಒತ್ತಡದ ಅಂತರಕ್ಕೂ ನೇರ ಸಂಬಂಧವಿದೆ. ಸಾಂದ್ರತೆ, ಓಣಿಯುದ್ದಕ್ಕೂ ಸಾಗುವ ವೇಗ, ಸುತ್ತುರಾಶಿಯು ಪ್ರತಿ ಮೀಟರಿಗೆ ಬೆಳೆಯುವ ಪ್ರಮಾಣ ಈ ಮೂರನ್ನೂ ಗುಣಿಸಿ, 2π ಅನ್ನು ಅಲಗುಗಳ ಸಂಖ್ಯೆಯಿಂದ ಭಾಗಿಸಿ ಬಂದುದರಿಂದ ಮತ್ತೆ ಗುಣಿಸಿದರೆ ಒತ್ತಡದ ಅಂತರವು ದೊರೆಯುತ್ತದೆ. ಆರು ಅಲಗು, ಸೆಕೆಂಡಿಗೆ 3 ಮೀಟರು ವೇಗ, 4 ಸೆಂಟಿಮೀಟರು ಉದ್ದವೆಂದರೆ ಸರಾಸರಿ ಅಂತರವು ಸುಮಾರು 35 ಕಿಲೋಪಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದ ಮೂರನೆಯ ಒಂದು ಪಾಲು. ಏರಿಕೆಯನ್ನು ಮುಂಭಾಗದಲ್ಲಿ ಕಡಿದಾಗಿಸಿದರೆ ಹೊರೆಯು ಮುಂದಕ್ಕೆ, ಹಿಂಭಾಗದಲ್ಲಿ ಕಡಿದಾಗಿಸಿದರೆ ಹಿಂದಕ್ಕೆ. ಮುಂದಂಚಿನಲ್ಲಿ ಏರಿಕೆಯು ಸೊನ್ನೆಯಿಂದ ಆರಂಭವಾಗುವಂತೆ ಕೇಳಿದರೆ ನೀರು ಅಲಗಿಗೆ ಬಡಿಯದೆ ನವಿರಾಗಿ ಒಳಸೇರುತ್ತದೆ. ಹಿಂದಂಚಿನಲ್ಲಿ ಎರಡು ಮುಖಗಳ ಒತ್ತಡ ಸಮನಾಗಲೇಬೇಕಾದುದರಿಂದ ಅಲ್ಲಿಯೂ ಏರಿಕೆ ಸೊನ್ನೆಗೆ ಇಳಿಯಬೇಕು. ಹೀಗೆ ಒತ್ತಡವನ್ನು ನೇರವಾಗಿ ಕೇಳದೆಯೇ ಅದರ ಹಂಚಿಕೆಯು ವಿನ್ಯಾಸಕಾರನ ವಶಕ್ಕೆ ಬರುತ್ತದೆ, ಪಂಪು ಕೊಡಬೇಕಾದ ಎತ್ತರವೂ ಕೈತಪ್ಪುವುದಿಲ್ಲ. ಈ ಎರಡನೆಯ ಗುಣವನ್ನು ಹೊಸಬರು ಅಷ್ಟಾಗಿ ಗಮನಿಸುವುದಿಲ್ಲ. ಆಕಾರವನ್ನು ತಿದ್ದುತ್ತ ಹೋಗುವ ಮಾರ್ಗದಲ್ಲಿ ಪ್ರತಿ ತಿದ್ದುಪಡಿಗೂ ಎತ್ತರವು ಏರುಪೇರಾಗಿ, ಅದನ್ನು ಮತ್ತೆ ಸರಿಪಡಿಸುವುದರಲ್ಲಿಯೇ ಅರ್ಧ ದುಡಿಮೆ ಕಳೆಯುತ್ತದೆ.

ಆಕಾರವು ಹೊರಬರುವ ಬಗೆ ಹೀಗಿದೆ. ಅಲಗುಗಳ ಬದಲು ಸುಳಿಹಾಳೆಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಅವುಗಳ ಬಲವನ್ನು ಸುತ್ತುರಾಶಿಯ ಏರಿಕೆಯೇ ನಿರ್ಧರಿಸುತ್ತದೆ. ಆ ಹಾಳೆಗಳು ಉಂಟುಮಾಡುವ ವೇಗವನ್ನು ಲೆಕ್ಕ ಹಾಕುತ್ತಾರೆ. ಅಲಗನ್ನು ನೀರು ತೂರಿಹೋಗುವಂತಿಲ್ಲವಾದುದರಿಂದ ಹಾಳೆಯು ಆ ವೇಗದ ದಿಕ್ಕಿಗೆ ಹೊಂದಿಕೊಂಡಿರಬೇಕು. ಹೊಂದದಿದ್ದರೆ ಹಾಳೆಯನ್ನು ಆ ದಿಕ್ಕಿಗೆ ತಿರುಗಿಸಿ ಪುನಃ ಲೆಕ್ಕ ಹಾಕುತ್ತಾರೆ. ಹಲವು ಆವರ್ತನೆಗಳ ಬಳಿಕ ಆಕಾರವು ನೆಲೆಗೊಳ್ಳುತ್ತದೆ. ಈ ವಿಚಾರವನ್ನು ಬೋರ್ಜೆಸ್ 1990ರಲ್ಲಿ ತ್ರಿಜ್ಯದ ದಿಕ್ಕಿನಲ್ಲಿ ಹರಿಯುವ ಯಂತ್ರಗಳಿಗೂ, ಜಂಗೆನೆ 1991ರಲ್ಲಿ ಸಂಕುಚಿತವಾಗಬಲ್ಲ ಹರಿವಿಗೂ ವಿಸ್ತರಿಸಿದರು.

ಈ ವಿಧಾನದ ಸಾಮರ್ಥ್ಯವು ಬೆಳಕಿಗೆ ಬಂದದ್ದು 1996ರಲ್ಲಿ, ಜಂಗೆನೆ ಮತ್ತು ಜಪಾನಿನ ಗೋಟೊ, ಟಾಕೆಮುರ ಇವರು ಮಿಶ್ರಹರಿವಿನ ಪಂಪೊಂದರ ಮೇಲೆ ನಡೆಸಿದ ಕೆಲಸದಿಂದ. ಇಂತಹ ಇಂಪೆಲ್ಲರಿನಲ್ಲಿ ಒತ್ತಡ ಕಡಿಮೆಯಿರುವ ಮುಖದ ಮೇಲೆ ಮಂದವಾದ ಸೀಮಾಪದರದ ನೀರು ನೇರವಾಗಿ ಹೊರಬಾಗಿಲಿಗೆ ಹೋಗುವುದಿಲ್ಲ. ನಡುಗಟ್ಟಿನ ಕಡೆಯಿಂದ ಹೊರ ಆವರಣದ ಕಡೆಗೆ ಅಡ್ಡವಾಗಿ ಜಾರಿ, ಅಲ್ಲಿನ ಮೂಲೆಯಲ್ಲಿ ಗುಡ್ಡೆಬೀಳುತ್ತದೆ. ಇದಕ್ಕೆ ದ್ವಿತೀಯಕ ಹರಿವೆಂದು ಹೆಸರು. ಹೊರಬಾಗಿಲಲ್ಲಿ ಒಂದೆಡೆ ವೇಗದ ಧಾರೆ, ಒಂದೆಡೆ ಮಂಕಾದ ನೀರು ಎಂಬಂತಾಗಿ ಮುಂದಿನ ಭಾಗಗಳಲ್ಲಿಯೂ ನಷ್ಟವಾಗುತ್ತದೆ. ಅಡ್ಡಹರಿವಿಗೆ ಕಾರಣ, ಸುತ್ತುವಿಕೆಯ ಪರಿಣಾಮವನ್ನು ಕಳೆದು ನೋಡಿದಾಗ ಆವರಣದ ಕಡೆ ಒತ್ತಡವು ನಡುಗಟ್ಟಿಗಿಂತ ತಗ್ಗಾಗಿರುವುದು. ಹಾಗಾದರೆ ಆವರಣದ ಕಡೆ ಹೊರೆಯನ್ನು ಅಲಗಿನ ಮುಂಭಾಗದಲ್ಲಿಯೇ ಮುಗಿಸಿ, ನಡುಗಟ್ಟಿನ ಕಡೆ ಹಿಂಭಾಗಕ್ಕೆ ತಳ್ಳಿದರೆ, ಓಣಿಯ ಉತ್ತರಾರ್ಧದಲ್ಲಿ ಆವರಣದ ಬಳಿ ಒತ್ತಡ ಮೇಲೇರಿ, ನಡುಗಟ್ಟಿನ ಬಳಿ ಇಳಿದು, ಎರಡರ ಅಂತರವು ಕುಗ್ಗುತ್ತದೆ. ಜಾರುವ ನೀರಿಗೆ ಇಳಿಜಾರೇ ಇಲ್ಲವಾಗುತ್ತದೆ. ಸಂಶೋಧಕರು ಕೇಳಿದ್ದು ಇದನ್ನೇ. ಹೊರಬಂದ ಅಲಗು ಓರೆಯಾಗಿ ವಾಲಿ, ರೂಢಿಯ ಇಂಪೆಲ್ಲರುಗಳಿಗಿಂತ ಬೇರೆಯೇ ಆಗಿತ್ತು. ತಿದ್ದಿ ತೀಡುವ ಮಾರ್ಗದಲ್ಲಿ ಅಂತಹ ಆಕಾರವನ್ನು ಯಾರಾದರೂ ಎಣಿಸುತ್ತಿದ್ದರೆಂದು ನಮಗೆ ತೋರುವುದಿಲ್ಲ. ಪರೀಕ್ಷೆಯಲ್ಲಿ ದ್ವಿತೀಯಕ ಹರಿವು ತಗ್ಗಿ, ಹೊರಬಾಗಿಲ ಹರಿವು ಹೆಚ್ಚು ಸಮವಾದುದು ದೃಢಪಟ್ಟಿತು. ನಮ್ಮ ದೃಷ್ಟಿಯಲ್ಲಿ ಆಕಾರಕ್ಕಿಂತಲೂ ಬೆಲೆಯುಳ್ಳದ್ದು ಅದನ್ನು ಕೊಟ್ಟ ಸೂತ್ರ. ಅದು ಒಂದು ಪಂಪಿಗೆ ಅಂಟಿದುದಲ್ಲ, ಅದೇ ಬಗೆಯ ಇನ್ನೊಂದು ಯಂತ್ರಕ್ಕೂ ಒಯ್ಯಬಹುದಾದುದು, ಬರೆದಿಡಬಹುದಾದುದು.

ವಿಮಾನದ ಎಂಜಿನ್ನುಗಳಲ್ಲಿ ಹರಿವು ಶಬ್ದದ ವೇಗವನ್ನು ಮುಟ್ಟಿ ಮೀರುವುದರಿಂದ ಅಲ್ಲಿ ಆಘಾತ ತರಂಗಗಳ ತೊಡಕೂ ಸೇರುತ್ತದೆ. ಹಾಬ್ಸ್ ಮತ್ತು ವೈನ್‌ಗೋಲ್ಡ್ 1984ರಲ್ಲಿ ವರ್ಣಿಸಿದ ಕಂಪ್ರೆಸರ್ ಅಲಗುಗಳಲ್ಲಿ, ವೇಗವು ಶಿಖರ ಮುಟ್ಟಿದ ಬಳಿಕ ಕಡಿದಾಗಿ ಕುಸಿಯದೆ, ಸೀಮಾಪದರವು ತಾಳಿಕೊಳ್ಳುವ ರೀತಿಯಲ್ಲಿ ಇಳಿಯುವಂತೆ ಒತ್ತಡವನ್ನು ಹಂಚಲಾಗಿತ್ತು. ಬೆಲ್ಜಿಯಮ್ಮಿನ ಫಾನ್ ಕಾರ್ಮನ್ ಸಂಸ್ಥೆಯಲ್ಲಿ ಫಾನ್ ಡೆನ್ ಬ್ರೆಂಬುಶೆ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೆಳೆಸಿದ ವಿಧಾನವು ಇನ್ನೊಂದು ಬಗೆಯದು, ಮತ್ತು ಹೇಳಲು ಬಹು ಸರಳವಾದುದು. ಅಂದಾಜಿನ ಅಲಗೊಂದನ್ನು ಇಟ್ಟು, ಅದರ ಮೈಯನ್ನು ಜರಡಿಯಂತೆ ಭಾವಿಸಿ, ಬೇಕಾದ ಒತ್ತಡವನ್ನು ಅದರ ಮೇಲೆ ಹೇರುತ್ತಾರೆ. ಆಕಾರವು ಆ ಒತ್ತಡಕ್ಕೆ ತಕ್ಕುದಲ್ಲವಾದುದರಿಂದ ಹರಿವು ಮೈಯನ್ನು ತೂರಿ ಒಳಕ್ಕೋ ಹೊರಕ್ಕೋ ಸೋರುತ್ತದೆ. ಎಲ್ಲೆಲ್ಲಿ ಎಷ್ಟು ಸೋರಿತೆಂಬುದೇ ಮೈಯನ್ನು ಎಲ್ಲಿ ಎಷ್ಟು ಸರಿಸಬೇಕೆಂಬುದನ್ನು ಹೇಳುತ್ತದೆ. ಸೋರಿಕೆ ನಿಂತಾಗ ಅಲಗು ಸಿದ್ಧ.

ವಿಲೋಮ ವಿನ್ಯಾಸದ ಮೇಲಿನ ಆಕ್ಷೇಪಗಳಲ್ಲಿ ಮುಖ್ಯವಾದುದು, ಬೇಕಾದ ಹಂಚಿಕೆ ಯಾವುದೆಂದು ಅದು ಹೇಳುವುದಿಲ್ಲ ಎಂಬುದು. ಆಕ್ಷೇಪವು ನ್ಯಾಯವಾದುದೇ. ಪಂಪು ಎಂದೂ ಒಂದೇ ಪ್ರಮಾಣದ ನೀರನ್ನು ಎತ್ತುತ್ತ ಇರುವುದಿಲ್ಲ. ಬಾವಿಯ ನೀರು ಇಳಿದಂತೆ ಅದರ ಕೆಲಸದ ಬಿಂದುವೂ ಸರಿಯುತ್ತದೆ. ಒಂದು ಬಿಂದುವಿಗೆಂದು ಕೇಳಿ ಪಡೆದ ಹಂಚಿಕೆಯು ಇನ್ನೊಂದರಲ್ಲಿ ಕೆಡಬಹುದು. 1988ರಲ್ಲಿ ಜೇಮ್ಸನ್ ನಿಯಂತ್ರಣ ಸಿದ್ಧಾಂತವನ್ನು ಆಕಾರದ ವಿನ್ಯಾಸಕ್ಕೆ ಅನ್ವಯಿಸಿ, ಆಕಾರವನ್ನು ಎಷ್ಟೇ ಚರಾಂಕಗಳಿಂದ ಬಣ್ಣಿಸಿದ್ದರೂ, ಎಲ್ಲವುಗಳ ಪರಿಣಾಮವನ್ನು ಒಂದು ಹೆಚ್ಚಿನ ಲೆಕ್ಕದಿಂದಲೇ ತಿಳಿಯಬಹುದೆಂದು ತೋರಿಸಿದ ಮೇಲೆ, ನಷ್ಟವನ್ನೇ ನೇರವಾಗಿ ತಗ್ಗಿಸುವ ಶೋಧಮಾರ್ಗವು ಬಲಗೊಂಡಿತು. ಇನ್ನು ವಿಲೋಮಕ್ಕೆ ಕೆಲಸವಿಲ್ಲವೆಂದು ಹೇಳುವವರೂ ಉಂಟು. ನಮಗೆ ಹಾಗೆ ತೋರುವುದಿಲ್ಲ. ಶೋಧಮಾರ್ಗವು ಉತ್ತಮ ಅಲಗನ್ನು ಕೊಡುತ್ತದೆ. ಅದು ಏಕೆ ಉತ್ತಮ ಎಂಬುದನ್ನು ಹೇಳುವ ಹೊಣೆಯನ್ನು ಹೊರುವುದಿಲ್ಲ. ಹೊರೆಯ ಏರಿಕೆಯನ್ನು ಬಣ್ಣಿಸುವ ಕೆಲವೇ ಅಂಕಿಗಳನ್ನು ಶೋಧದ ಚರಾಂಕಗಳನ್ನಾಗಿ ಇಟ್ಟುಕೊಂಡು, ಆಕಾರವನ್ನು ವಿಲೋಮ ವಿಧಾನದಿಂದ ಪಡೆಯುವ ಕೂಡುಮಾರ್ಗವು ಬಳಿಕ ಬಳಕೆಗೆ ಬಂದಿರುವುದು ಗಮನಾರ್ಹ. ಚರಾಂಕಗಳು ಕಡಿಮೆ, ಪ್ರತಿಯೊಂದಕ್ಕೂ ಭೌತಿಕವಾದ ಅರ್ಥವಿದೆ, ಎತ್ತರವೂ ಕದಲುವುದಿಲ್ಲ.

ಇನ್ನೊಂದು ತೊಡಕು ಗಣಿತದ್ದಲ್ಲ, ಅಚ್ಚಿನದು. ಮೇಲೆ ಹೇಳಿದ ಕೊಳವೆಬಾವಿ ಪಂಪುಗಳ ಇಂಪೆಲ್ಲರುಗಳನ್ನು ಅನೇಕ ಕಡೆ ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹೊಯ್ದು ತಯಾರಿಸುತ್ತಾರೆ. ಅಲಗು ನೆಟ್ಟಗಿದ್ದು ಒಂದೇ ದಿಕ್ಕಿನಲ್ಲಿ ಬಾಗಿದ್ದರೆ ಅಚ್ಚಿನ ಎರಡು ಹೋಳುಗಳನ್ನು ಸುಲಭವಾಗಿ ಬಿಡಿಸಬಹುದು. ಓರೆಯಾಗಿ ವಾಲಿ ತಿರುಚಿಕೊಂಡ ಅಲಗಾದರೋ ಅಚ್ಚಿನಿಂದ ಬಿಟ್ಟುಬರುವುದಿಲ್ಲ. ಅಚ್ಚನ್ನು ಹಲವು ಸರಿಯುವ ತುಂಡುಗಳಾಗಿ ಮಾಡಬೇಕಾಗುತ್ತದೆ, ವೆಚ್ಚವು ಏರುತ್ತದೆ. ಎರಕದ ಲೋಹದಲ್ಲಿಯೂ ಮರಳಿನ ಗಟ್ಟಿಯ ವಿಷಯದಲ್ಲಿ ಇದೇ ಬಗೆಯ ತೊಂದರೆಯಿದೆ. ಆದುದರಿಂದ ಅಚ್ಚು ಬಿಟ್ಟುಬರುವ ದಿಕ್ಕನ್ನೂ ಒಂದು ನಿರ್ಬಂಧವನ್ನಾಗಿ ಸೇರಿಸಿ, ಹೊರೆಯ ಏರಿಕೆಯನ್ನು ಅದರೊಳಗೆ ಎಷ್ಟರಮಟ್ಟಿಗೆ ಆರಿಸಬಹುದೆಂದು ನೋಡುವುದು ಅಗತ್ಯ. ಲೈಟ್‌ಹಿಲ್ ಪಟ್ಟಿಮಾಡಿದ ಮೂರರ ಜೊತೆಗೆ ಇದು ನಾಲ್ಕನೆಯದು. ಪುಣೆ, ಕೊಯಮತ್ತೂರುಗಳ ಪಂಪು ಕಾರ್ಖಾನೆಗಳ ನೆರೆಯಲ್ಲಿರುವ ನಮ್ಮ ಓದುಗರಿಗೆ ಇದನ್ನು ಕಣ್ಣಾರೆ ಕಂಡು ಕೆಲಸ ಮಾಡುವ ಅನುಕೂಲವಿದೆ.